ತಾಯ್ ಚಿ ನಿಜವಾಗಿ ಹೊಡೆದಾಟಕ್ಕೆ ಬರುತ್ತದಾ?

ನೀವು ಕೇಳಿರುವುದು ಇಷ್ಟು. ಪಾರ್ಕಿನಲ್ಲಿ ವಯಸ್ಸಾದವರು ನಿಧಾನವಾಗಿ ಕೈಯಾಡಿಸುವ ತಾಯ್ ಚಿ ನಿಜಕ್ಕೂ ಹೊಡೆದಾಟದ ವಿದ್ಯೆಯಾ? ಹಾಗಿದ್ದರೆ ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಪಂದ್ಯ) ಆಟಗಾರನೊಬ್ಬ ತಾಯ್ ಚಿ ಮಾಸ್ಟರ್ ಒಬ್ಬರನ್ನು ಕೆಲವೇ ಸೆಕೆಂಡುಗಳಲ್ಲಿ ಕೆಡವಿದ ವಿಡಿಯೊಗೆ ಏನಂತೀರಿ? ಹಳೇ ಕ್ರಮದಲ್ಲಿ ಈಗಲೂ ಕಲಿಸುತ್ತಾರಾ? ನಲವತ್ತರ ಹತ್ತಿರ ಇರುವ ನಾನು, ಅದೂ ಮಂಡಿ ನೋವಿರುವವನು, ಶುರು ಮಾಡಬಹುದಾ?

ಮೊದಲ ಪ್ರಶ್ನೆಗೆ ಉತ್ತರ ಹೌದು. ಆದರೆ ಒಂದು ಷರತ್ತಿದೆ. ಎದುರಿಗೆ ಜೋಡಿ ಬೇಕು. ಆ ಜೋಡಿ ಸುಮ್ನೆ ಬಿಟ್ಟುಕೊಡಬಾರದು. ಇದೊಂದನ್ನು ತೆಗೆದರೆ ಉಳಿಯುವುದು ಒಳ್ಳೆಯ ವ್ಯಾಯಾಮ. ವ್ಯಾಯಾಮ ಕೆಟ್ಟದ್ದೇನಲ್ಲ, ವಯಸ್ಸಾದವರು ಬೀಳುವುದು ಅದರಿಂದ ಕಮ್ಮಿಯಾಗುತ್ತದೆ. ಆದರೆ ನೀವು ಕೇಳಿದ್ದು ಅದನ್ನಲ್ಲ ಅಲ್ವಾ?

ಇದನ್ನು ಹೇಳೋಕೆ ಇವನ್ಯಾರು ಅನ್ನಿಸಬಹುದು. ಕೆಲಸದ ಮೇಲೆ ಚೀನಾದ ಹೆನಾನ್ ಪ್ರಾಂತ್ಯದ ಝೆಂಗ್‌ಝೌ ನಗರದಲ್ಲಿ ಕೆಲವು ವರ್ಷ ಇದ್ದೆ. ಅಲ್ಲಿಂದ ಹಳದಿ ನದಿ ದಾಟಿದರೆ ವೆನ್ ಕೌಂಟಿ. ಅಲ್ಲಿನ ಚೆನ್‌ಜಿಯಾಗೌ ಹಳ್ಳಿಯನ್ನು ತಾಯ್ ಚಿಯ ತವರು ಅನ್ನುತ್ತಾರೆ. ರಜೆ ಸಿಕ್ಕಾಗಲೆಲ್ಲ ಹೋಗಿ ಕಲಿತೆ. ಈಗ ಮೈಸೂರಿನಲ್ಲಿದ್ದೇನೆ, ಬೆಳಗಿನ ಹೊತ್ತು ಒಂದಷ್ಟು ಜನಕ್ಕೆ ಕಲಿಸುತ್ತೇನೆ. ದೊಡ್ಡ ಗುರು ಏನಲ್ಲ.

ಮೊದಲು ಸ್ವಲ್ಪ ಇತಿಹಾಸ, ಯಾಕೆಂದರೆ ಇದು ಯಾಕೆ ಇಷ್ಟು ಮೆತ್ತಗಾಯಿತು ಅನ್ನುವುದು ಅಲ್ಲೇ ಇದೆ. ಝಾಂಗ್ ಸಾನ್‌ಫೆಂಗ್ ಎಂಬ ತಾವೊ ಸನ್ಯಾಸಿ ಹಾವು ಮತ್ತು ಹಕ್ಕಿಯ ಜಗಳ ನೋಡಿ ತಾಯ್ ಚಿ ಕಟ್ಟಿದ ಅಂತ ಕಥೆ ಇದೆ. ಕಥೆ ಚೆನ್ನಾಗಿದೆ, ಅಷ್ಟೇ. ಹಿಡಿಯೋಕೆ ಸಿಗುವ ಎಳೆ ಚೆನ್‌ಜಿಯಾಗೌನ ಚೆನ್ ಮನೆತನದ್ದು. 17ನೇ ಶತಮಾನದಲ್ಲಿ, ಮಿಂಗ್ ಆಳ್ವಿಕೆ ಮುಗಿದು ಚಿಂಗ್ ಆಳ್ವಿಕೆ ಬರುವ ಹೊತ್ತಿನಲ್ಲಿ, ಚೆನ್ ವಾಂಗ್‌ಟಿಂಗ್ ಎಂಬ ಯೋಧ ಆ ಊರಿನಲ್ಲಿದ್ದ. 1930ರ ದಶಕದಲ್ಲಿ ಇತಿಹಾಸಕಾರ ತಾಂಗ್ ಹಾವ್ ಹಳ್ಳಿಗೇ ಹೋಗಿ ಹುಡುಕಾಡಿ, ಈ ವಿದ್ಯೆ ಶುರುವಾಗಿದ್ದು ಇವನಿಂದ ಎಂದು ವಾದಿಸಿದರು. ಅದಕ್ಕೂ ಮುಂಚೆ, 16ನೇ ಶತಮಾನದಲ್ಲಿ, ಕಡಲ್ಗಳ್ಳರ ಜೊತೆ ಕಾದಾಡಿದ ಸೇನಾಪತಿ ಚಿ ಜಿಗ್ವಾಂಗ್ ತನ್ನ ಸೈನಿಕರಿಗಾಗಿ 32 ಬರಿಗೈ ಭಂಗಿಗಳನ್ನು ಬರೆದಿಟ್ಟಿದ್ದ. ಚಿನ್ನದ ಹುಂಜ ಒಂಟಿಕಾಲಲ್ಲಿ ನಿಲ್ಲುವುದು ಅಂತ ಅದರಲ್ಲೊಂದು ಭಂಗಿ. ಅದೇ ಹೆಸರು ಚೆನ್ ಮನೆತನದ ವರಸೆಯಲ್ಲಿಯೂ (ಭಂಗಿಗಳನ್ನು ಸಾಲಾಗಿ ಜೋಡಿಸಿ ಒಬ್ಬರೇ ಮಾಡುವ ಅಭ್ಯಾಸ) ಇದೆ. ಅದೊಂದೇ ಅಲ್ಲ, ಇನ್ನೂ ಎಷ್ಟೋ ಹೆಸರು ಹಾಗೇ ಬಂದಿವೆ. ಅಂದರೆ ಬೇರು ಇರುವುದು ಸೈನಿಕರ ತಾಲೀಮಿನಲ್ಲಿ.

ಆಮೇಲೆ ಹೆಬೇ ಪ್ರಾಂತ್ಯದ ಯಾಂಗ್ ಲೂಚಾನ್ (1799–1872) ಈ ಹಳ್ಳಿಗೆ ಬಂದು ಚೆನ್ ಚಾಂಗ್‌ಶಿಂಗ್ ಹತ್ತಿರ ಕಲಿತ. ಬೀಜಿಂಗ್‌ಗೆ ಹೋಗಿ ಆಗ ಆಳುತ್ತಿದ್ದ ಮಂಚು ಜನಾಂಗದ ಶ್ರೀಮಂತರಿಗೆ, ಕಾವಲು ಪಡೆಯವರಿಗೆ ಕಲಿಸಿದ. ಅವನನ್ನು ಸೋಲಿಲ್ಲದ ಯಾಂಗ್ ಅಂತ ಕರೆಯುತ್ತಿದ್ದರು. ಅವನ ಮೊಮ್ಮಗ ಯಾಂಗ್ ಚೆಂಗ್‌ಫು (1883–1936) ಕಾಲಕ್ಕೆ ಬಂದೂಕು ಎಲ್ಲ ಕಡೆ ಬಂದಾಗಿತ್ತು. ಬರಿಗೈ ಜಗಳ ಯಾರಿಗೆ ಬೇಕಿತ್ತು? ಊರಿನ ಓದಿದ ಜನಕ್ಕೆ ಆರೋಗ್ಯ ಬೇಕಿತ್ತು. ಅವನು ನೆಗೆತ, ಕಾಲು ಅಪ್ಪಳಿಸುವುದು, ಥಟ್ಟನೆ ಬಲ ಬಿಡುವುದು ಇವನ್ನೆಲ್ಲ ತೆಗೆದು, ಒಂದೇ ವೇಗದಲ್ಲಿ ಸಾಗುವ ದೊಡ್ಡ ಚಲನೆಗಳ ವರಸೆ ಮಾಡಿದ. ಅವನು ಸ್ವತಃ ಜೋಡಿ ಅಭ್ಯಾಸದಲ್ಲಿ ಗಟ್ಟಿ ಆಳು. ಆದರೆ ಅವನಿಂದ ಕಲಿತವರಲ್ಲಿ ಹೆಚ್ಚಿನವರು ವರಸೆಯಷ್ಟನ್ನೇ ಮನೆಗೆ ಒಯ್ದರು. 1956ರಲ್ಲಿ ಚೀನಾ ಸರ್ಕಾರದ ಕ್ರೀಡಾ ಆಯೋಗ ಅದನ್ನೂ ಮೊಟಕು ಮಾಡಿ 24 ಭಂಗಿಗಳ ಚಿಕ್ಕ ವರಸೆ ಹೊರತಂದಿತು. ನೀವು ಪಾರ್ಕಿನಲ್ಲಿ ನೋಡಿದ್ದು ಬಹುಶಃ ಇದೇ. ಸುಮಾರು ಐದಾರು ನಿಮಿಷದ್ದು.

ಹಳ್ಳಿಯಲ್ಲಿಯೂ ಇದು ಹೋಗೇಬಿಡುವುದರಲ್ಲಿತ್ತು. ಬರ, ಯುದ್ಧ, ಬಡತನ. ಚೆನ್ ಝಾವೊಪಿ (1893–1972) ಎಂಬ ಹಿರಿಯರು ಹೊರಗೆ ನೌಕರಿಯಲ್ಲಿದ್ದರು. 1958ರಲ್ಲಿ ಊರಿಗೆ ಬಂದು ನೋಡಿದರೆ ಕಲಿತ ಹುಡುಗರೇ ಇಲ್ಲ. ಅಲ್ಲೇ ಉಳಿದು ಕಲಿಸೋಕೆ ನಿಂತರು. ಹಳೇದನ್ನೆಲ್ಲ ಅಳಿಸೋಕೆ ಹೊರಟ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಇಂಥದ್ದನ್ನು ಹೇಳಿಕೊಡುವುದೇ ತಪ್ಪಾಗಿತ್ತು, ಅವರು ಅನುಭವಿಸಿದ ಅವಮಾನ ಕಮ್ಮಿಯಲ್ಲ. ಆದರೂ ಬಿಡಲಿಲ್ಲ. ಈಗ ದೇಶ ದೇಶ ಸುತ್ತಿ ಹೆಸರು ಮಾಡಿರುವ ಚೆನ್ ಶಿಯಾವೊವಾಂಗ್, ಚೆನ್ ಝೆಂಗ್‌ಲೇ, ವಾಂಗ್ ಶಿಯಾನ್, ಝು ತಿಯಾನ್‌ಚಾಯ್ ಎಲ್ಲ ಆಗ ಅವರ ಕೈಕೆಳಗೆ ಕಲಿತ ಹುಡುಗರು. 2020ರಲ್ಲಿ ಯುನೆಸ್ಕೊದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ತಾಯ್ ಚಿ ಸೇರಿತು. ನಾನು ಹೋಗುವ ಹೊತ್ತಿಗೆ ಹಳ್ಳಿ ತುಂಬ ಶಾಲೆಗಳು, ಹಾಸ್ಟೆಲ್‌ಗಳು, ಪ್ರವಾಸಿ ಬಸ್ಸುಗಳು.

ಇನ್ನು ವಿಡಿಯೊ ವಿಷಯ. ನೀವು ನೋಡಿದ್ದು 2017ರ ಏಪ್ರಿಲ್‌ನಲ್ಲಿ ಚೆಂಗ್ಡು ನಗರದಲ್ಲಿ ನಡೆದದ್ದು. ಶು ಶಿಯಾವೊಡಾಂಗ್ ಎಂಬ ಎಂಎಂಎ ತರಬೇತುದಾರ ವೇ ಲೇ ಎಂಬ ತಾಯ್ ಚಿ ಮಾಸ್ಟರ್‌ನ್ನು ಅರ್ಧ ನಿಮಿಷವೂ ಆಗುವ ಮುಂಚೆ ನೆಲಕ್ಕೆ ಕೆಡವಿದ. ತಾಯ್ ಚಿಯವರು ಅನೇಕರು ಅವನು ನಿಜವಾದ ಮಾಸ್ಟರೇ ಅಲ್ಲ ಅಂತ ಜಾರಿಕೊಂಡರು. ಆ ಮಾತು ನನಗೆ ಹಿಡಿಸಲ್ಲ. ಮುಖಕ್ಕೆ ಬರುವ ಗುದ್ದನ್ನು ದಿನಾ ಎದುರಿಸದವರು, ಯಾವ ವಿದ್ಯೆಯವರೇ ಆಗಲಿ, ಎದುರಿಸುವವರ ಮುಂದೆ ಹಾಗೇ ಬೀಳುತ್ತಾರೆ. ವಿಡಿಯೊ ತೋರಿಸುವುದು ಅದನ್ನೇ.

ಅದರ ಜೊತೆ ಇನ್ನೊಂದು ಹಳೇ ಚಿತ್ರವನ್ನೂ ನೋಡಿ. 1954ರ ಜನವರಿ 17, ಮಕಾವ್. ಹಾಂಗ್‌ಕಾಂಗ್‌ನ ಶೆಕ್ ಕಿಪ್ ಮೇಯಲ್ಲಿ ಬೆಂಕಿಗೆ ಮನೆ ಕಳೆದುಕೊಂಡವರಿಗೆ ಹಣ ಕೂಡಿಸೋಕೆ ಇಟ್ಟ ಪಂದ್ಯ. ಒಂದು ಕಡೆ ವೂ ಶೈಲಿಯ ತಾಯ್ ಚಿ ಮನೆತನದ ವೂ ಗಾಂಗ್‌ಯಿ, ಐವತ್ತು ದಾಟಿದವರು. ಇನ್ನೊಂದು ಕಡೆ ಬಿಳಿ ಕೊಕ್ಕರೆ ಶೈಲಿಯ ಚಾನ್ ಹಕ್‌ಫು, ಅವರಿಗಿಂತ ತುಂಬ ಚಿಕ್ಕವರು. ಎರಡನೇ ಸುತ್ತಿನಲ್ಲೇ ನಿಲ್ಲಿಸಿ ಗೆಲುವಿಲ್ಲ ಸೋಲಿಲ್ಲ ಅಂತ ಘೋಷಿಸಿದರು. ಅದರಲ್ಲಿ ಸೊಗಸೇನೂ ಕಾಣಲ್ಲ. ಕೈ ಬೀಸಾಟ, ತಳ್ಳಾಟ, ಮೂಗಿನಲ್ಲಿ ರಕ್ತ. ಆದರೆ ಆ ವಯಸ್ಸಿನ ತಾಯ್ ಚಿಯವರು ಹೆದರದೆ ನಿಂತು ಗುದ್ದು ಕೊಟ್ಟು ಗುದ್ದು ತಿಂದರು. ಕಳೆದ ಒಂದೆರಡು ತಲೆಮಾರಿನಲ್ಲಿ ಏನು ಕೈಬಿಟ್ಟಿತು ಅಂತ ಎರಡು ಚಿತ್ರ ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ. (ಅಂದಹಾಗೆ ಆ ಪಂದ್ಯದ ಗುಲ್ಲು ಹಾಂಗ್‌ಕಾಂಗ್‌ನಲ್ಲಿ ಎಷ್ಟಿತ್ತೆಂದರೆ, ಕೆಲವೇ ದಿನಕ್ಕೆ ಅಲ್ಲಿನ ಪತ್ರಿಕೆಯೊಂದು ಕತ್ತಿವೀರರ ಧಾರಾವಾಹಿ ಶುರು ಮಾಡಿತು. ಆಮೇಲೆ ಅಂಥ ಕಾದಂಬರಿಗಳದ್ದೇ ದೊಡ್ಡ ಅಲೆ ಎದ್ದಿತು.)

ಹಾಗಾದರೆ ಹಳೇ ಕ್ರಮದಲ್ಲಿ ಏನು ಮಾಡುತ್ತಾರೆ?

ಮೊದಲು ನಿಲ್ಲುವುದು. ಮಂಡಿ ಸ್ವಲ್ಪ ಬಾಗಿಸಿ, ಎದೆಯ ಮುಂದೆ ಕೈ ದುಂಡಗೆ ಹಿಡಿದು ಸುಮ್ನೆ ನಿಲ್ಲುವುದು. ಝಾನ್ ಝುವಾಂಗ್ ಅಂತಾರೆ. ಕೇಳೋಕೆ ಏನೂ ಇಲ್ಲ, ನಿಂತು ನೋಡಿ. ಮೇಷ್ಟ್ರು ಬಂದು ಸೊಂಟವನ್ನು ಎರಡು ಬೆರಳಿನಷ್ಟು ಕೆಳಕ್ಕೆ, ಸ್ವಲ್ಪ ಹಿಂದಕ್ಕೆ ಒತ್ತುತ್ತಾರೆ. ಅಷ್ಟಕ್ಕೇ ತೊಡೆ ಉರಿಯೋಕೆ ಶುರು. ಚೆನ್‌ಜಿಯಾಗೌನಲ್ಲಿ ಮಾತಿನ ಪಾಠ ತೀರಾ ಕಮ್ಮಿ. ಮೇಷ್ಟ್ರು ಕೈಯಿಂದಲೇ ಮೈಯನ್ನು ತಿದ್ದುತ್ತಾರೆ. ಭುಜ ಬಿಡು, ಸೊಂಟ ಬಿಡು ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಬೆನ್ನು, ಭುಜದಲ್ಲಿ ಬೇಡದ ಬಿಗಿ ಹೋಗಿ ಭಾರವೆಲ್ಲ ಪಾದಕ್ಕೆ ಇಳಿಯಬೇಕು. ಯಾಕೆ ಅಂದರೆ ಬಿಗಿಯಾದ ಭುಜ ಎದುರಾಳಿಗೆ ಹಿಡಿಕೆ ಇದ್ದ ಹಾಗೆ. ಅಲ್ಲಿ ಒತ್ತಿದರೆ ಇಡೀ ಮನುಷ್ಯ ಅಲುಗುತ್ತಾನೆ.

ಆಮೇಲೆ ವರಸೆ. ಚೆನ್ ಶೈಲಿಯಲ್ಲಿ ಮೊದಲನೆಯದು ಉದ್ದ, ಹೆಚ್ಚು ನಿಧಾನ, ನಡುನಡುವೆ ಥಟ್ಟನೆ ಸಿಡಿಯುತ್ತದೆ. ಎರಡನೆಯದನ್ನು ಫಿರಂಗಿ ಮುಷ್ಟಿ ಅನ್ನುತ್ತಾರೆ. ಅದರ ತುಂಬ ನೆಗೆತ, ಮೊಣಕೈ, ವೇಗ. ನಿಧಾನ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ವೇಗದಲ್ಲಿ ಮಾಡಿದರೆ ತಪ್ಪುಗಳು ಮುಚ್ಚಿಹೋಗುತ್ತವೆ, ಅಷ್ಟೇ ಕಾರಣ. ಸೊಂಟ ತಿರುಗುವ ಮುಂಚೆಯೇ ಕೈ ಹೊರಟಿತಾ, ಭಾರ ಒಂದು ಕಾಲಿಂದ ಇನ್ನೊಂದು ಕಾಲಿಗೆ ಹೋಗುವಾಗ ಎಲ್ಲಿ ತಡವರಿಸಿತು, ನಿಧಾನಕ್ಕೆ ಮಾಡಿದಾಗ ಮಾತ್ರ ಕಾಣುತ್ತದೆ. 1928ರಲ್ಲಿ ಬೀಜಿಂಗ್‌ಗೆ ಹೋಗಿ ಹೆಸರಾದ ಚೆನ್ ಫಾಕೆ (1887–1957) ದಿನಕ್ಕೆ 30 ಸಲ ವರಸೆ ಮಾಡುತ್ತಿದ್ದರು ಅಂತ ಹಳ್ಳಿಯಲ್ಲಿ ಹೇಳಿಕೊಳ್ಳುತ್ತಾರೆ.

ಇದರ ಜೊತೆ ಬಿಳಿ ಮೇಣದ ಮರದ ಉದ್ದ ಕೋಲು. ಸುಮಾರು ಮೂರು ಮೀಟರ್. ಬುಡ ಹಿಡಿದು ತುದಿ ನಡುಗುವ ಹಾಗೆ ಅಲುಗಿಸಬೇಕು. ತೋಳಿನ ಬಲದಿಂದ ಮಾಡಿದರೆ ಕೋಲು ಸುಮ್ನೆ ಓಲಾಡುತ್ತದೆ, ಕಾಲು ಸೊಂಟದಿಂದ ಮಾಡಿದರೆ ತುದಿ ಗಿಜಿಗಿಜಿ ಅನ್ನುತ್ತದೆ. ಮೋಸ ಮಾಡೋಕೆ ಆಗದ ಅಭ್ಯಾಸ ಇದು, ನನಗೆ ಬಲು ಇಷ್ಟ.

ಇಷ್ಟೂ ಒಂಟಿ ಅಭ್ಯಾಸ. ದಂಡ, ಬೈಠಕ್ ಹೊಡೆದುಕೊಂಡು ಒಂದು ದಿನವೂ ಮಟ್ಟಿಗೆ ಇಳಿಯದವನನ್ನು ನಮ್ಮ ಗರಡಿ ಮನೆಗಳಲ್ಲಿ ಪೈಲ್ವಾನ್ ಅಂತ ಯಾರೂ ಕರೆಯಲ್ಲ. ತಾಯ್ ಚಿಯಲ್ಲಿ ಮಾತ್ರ ಹಾಗೆ ಕರೆಯುವುದು ರೂಢಿಯಾಗಿಬಿಟ್ಟಿದೆ.

ಜೋಡಿ ಅಭ್ಯಾಸಕ್ಕೆ ತುಯ್ ಶೌ ಅನ್ನುತ್ತಾರೆ. ಇಬ್ಬರು ಒಂದೊಂದು ಕಾಲು ಮುಂದಿಟ್ಟು, ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ ನಿಲ್ಲುತ್ತಾರೆ. ಒಬ್ಬ ಒತ್ತುತ್ತಾನೆ. ಇನ್ನೊಬ್ಬ ತಡೆಯದೆ, ಕೈಯೂ ಬಿಡದೆ, ಸೊಂಟ ತಿರುಗಿಸಿ ಆ ಬಲವನ್ನು ಪಕ್ಕಕ್ಕೆ ದಾಟಿಸಿ ತಿರುಗಿ ಒತ್ತುತ್ತಾನೆ. ಇದು ಚಕ್ರದ ಹಾಗೆ ಸುತ್ತುತ್ತಲೇ ಇರುತ್ತದೆ. ಇದರಲ್ಲಿ ನಾಲ್ಕು ಮೂಲ ಬಲ: ಪಂಗ್, ಲೂ, ಜಿ, ಆನ್. ಉಬ್ಬಿ ತಡೆಯುವುದು, ಪಕ್ಕಕ್ಕೆ ಎಳೆದೊಯ್ಯುವುದು, ಒತ್ತುವುದು, ಅದುಮಿ ತಳ್ಳುವುದು. ಹತ್ತಿರ ಬಂದಾಗ ಇನ್ನೂ ನಾಲ್ಕು: ಥಟ್ಟನೆ ಕೆಳಕ್ಕೆ ಜಗ್ಗುವುದು, ಎರಡು ದಿಕ್ಕಿಗೆ ತಿರುಚುವುದು, ಮೊಣಕೈ, ಭುಜ. ಮೊದಮೊದಲು ಪಾದ ಅಲುಗಿಸುವಂತಿಲ್ಲ. ಆಮೇಲೆ ಹೆಜ್ಜೆ ಹಾಕುತ್ತಾ, ಕೊನೆಗೆ ಕಟ್ಟುಪಾಡಿಲ್ಲದೆ. ಕೊನೆಯದನ್ನು ದೂರದಿಂದ ನೋಡಿದವರು ಕುಸ್ತಿ ಅಂದುಕೊಳ್ಳುತ್ತಾರೆ, ತಪ್ಪೇನಿಲ್ಲ.

ಒಂದು ಭಂಗಿ ತಗೊಂಡು ಹೇಳಿದರೆ ಅರ್ಥವಾಗುತ್ತದೆ. ಕಾಡುಕುದುರೆಯ ಜೂಲು ಬಿಡಿಸುವುದು ಅಂತ ಒಂದಿದೆ. ಪಾರ್ಕಿನಲ್ಲಿ ಅದನ್ನು ನೋಡಿರುತ್ತೀರಿ. ಒಂದು ಹೆಜ್ಜೆ ಮುಂದೆ, ಒಂದು ಕೈ ಓರೆಯಾಗಿ ಮೇಲಕ್ಕೆ, ಇನ್ನೊಂದು ಕೈ ಕೆಳಕ್ಕೆ. ನೋಡೋಕೆ ಚೆಂದ. ಅದರ ಕೆಲಸ ಹೀಗೆ. ಅವನು ಬಲಗೈ ಚಾಚಿದ. ನನ್ನ ಬಲಗೈ ಅವನ ಮಣಿಕಟ್ಟು ಹಿಡಿದು ಕೆಳಕ್ಕೆ ಎಳೆಯುತ್ತದೆ. ನನ್ನ ಎಡಗಾಲು ಅವನ ಮುಂಗಾಲಿನ ಹಿಂದೆ ಹೋಗಿ ಕೂರುತ್ತದೆ. ಎಡತೋಳು ಅವನ ಕಂಕುಳ ಕೆಳಗಿಂದ ಎದೆಯ ಮೇಲೆ ಅಡ್ಡ ಬರುತ್ತದೆ. ನಾನು ಸೊಂಟ ತಿರುಗಿಸುತ್ತೇನೆ. ಅವನು ನನ್ನ ತೊಡೆಯ ಮೇಲಿಂದ ಹಿಂದಕ್ಕೆ ಮಗುಚುತ್ತಾನೆ.

ಪಾಠ ಇಲ್ಲಿಗೇ ನಿಂತರೆ ಅದು ಇನ್ನೂ ನಾಟಕ. ನಿಜವಾದ ಜೋಡಿ ಸುಮ್ನೆ ನಿಂತಿರಲ್ಲ. ಎಡತೋಳು ಬರುತ್ತಿದೆ ಅಂತ ಗೊತ್ತಾದ ಕೂಡಲೇ ಮುಂದಕ್ಕೆ ಬಗ್ಗಿ ನನ್ನ ಸೊಂಟ ಹಿಡಿಯುತ್ತಾನೆ. ಆಗ ಎಷ್ಟು ತಳ್ಳಿದರೂ ಬೀಳಲ್ಲ. ಗುಟ್ಟು ಮೊದಲ ಎಳೆತದಲ್ಲಿದೆ. ಎಳೆದಾಗ ಮನುಷ್ಯ ತಾನಾಗೇ ಹಿಂದಕ್ಕೆ ಜಗ್ಗುತ್ತಾನೆ. ಆ ಜಗ್ಗು ಮಣಿಕಟ್ಟಿನಲ್ಲಿ ಗೊತ್ತಾದ ಕ್ಷಣವೇ ಕಾಲು, ತೋಳು ಒಟ್ಟಿಗೆ ಹೋಗಬೇಕು. ಅವನು ಹೋಗುತ್ತಿರುವ ದಿಕ್ಕಿಗೇ ನಾನು ಕಳಿಸುತ್ತೇನೆ, ಅಷ್ಟೇ. ತಡವಾದರೆ ಅವನು ಮತ್ತೆ ನೆಲೆ ಸಿಕ್ಕಿ ನಿಂತಿರುತ್ತಾನೆ. ಈ ಕ್ಷಣ ಯಾವುದು ಅಂತ ವರಸೆ ಹೇಳಿಕೊಡಲ್ಲ, ಪುಸ್ತಕವೂ ಹೇಳಲ್ಲ. ಬೇರೆ ಬೇರೆ ಎತ್ತರ, ತೂಕದವರ ಕೈ ಹಿಡಿದು ಮತ್ತೆ ಮತ್ತೆ ಆಡಬೇಕು.

ನಾಲ್ಕು ಲಿಯಾಂಗ್ ಬಲದಿಂದ ಸಾವಿರ ಜಿನ್ ತೂಕ ತಿರುಗಿಸುವುದು ಅಂತ ಚೀನೀಯರ ಮಾತೊಂದಿದೆ (ಜಿನ್ ಅಂದರೆ ಸುಮಾರು ಅರ್ಧ ಕಿಲೋ, ಲಿಯಾಂಗ್ ಅದರ ಸಣ್ಣ ಭಾಗ). ಗುಲಗಂಜಿಯಷ್ಟು ಬಲದಿಂದ ಗುಡ್ಡ ಸರಿಸಬಹುದು ಅಂತ ಅದನ್ನು ಮಾರುವವರಿದ್ದಾರೆ. ನನಗೆ ಕಲಿಸಿದವರು ಅದಕ್ಕೆ ನಗುತ್ತಿದ್ದರು. ಮೊದಲು ನಿನ್ನ ಹತ್ತಿರ ಸಾವಿರ ಜಿನ್ ಇರಲಿ, ಆಮೇಲೆ ನಾಲ್ಕು ಲಿಯಾಂಗ್ ಸಾಕು ಅನ್ನುತ್ತಿದ್ದರು. ಅವರ ತೊಡೆ ನೋಡಿದರೆ ಮಾತು ನಂಬಬೇಕು.

ಕಲಿಸುವಾಗ ನನಗೆ ಎರಡು ಥರದ ಜನ ಬರುತ್ತಾರೆ. ಒಬ್ಬರು ಬಿಗಿ. ಜಿಮ್‌ನಿಂದ ಬಂದವರು, ಕರಾಟೆಯಿಂದ ಬಂದವರು. ಕೈ ತಾಗಿದ ತಕ್ಷಣ ಭುಜ ಕಿವಿಗೆ ಏರುತ್ತದೆ. ಇವರನ್ನು ಸಡಿಲಿಸೋಕೆ ತಿಂಗಳುಗಟ್ಟಲೆ ಬೇಕು, ಆದರೆ ಆಗುತ್ತದೆ. ಇನ್ನೊಬ್ಬರು ತೀರಾ ಮೆತ್ತಗೆ. ತಾಯ್ ಚಿ ಅಂದರೆ ಶಾಂತಿ ಅಂತ ಓದಿಕೊಂಡು ಬಂದವರು. ಒತ್ತಿದರೆ ಕೈ ಹಾಗೇ ಎದೆಗೆ ಕುಸಿಯುತ್ತದೆ. ಇವರು ಕಷ್ಟ. ಕುಸಿಯುವುದನ್ನೇ ಸಡಿಲ ಅಂದುಕೊಂಡಿರುತ್ತಾರೆ. ಎದುರಾಳಿ ಒತ್ತಿದಾಗ ಒಳಗಿಂದ ತುಂಬಿ ಬರುವ ಪಂಗ್ ಬಲ ಇಲ್ಲದಿದ್ದರೆ ಮಿಕ್ಕ ಏನು ಕಲಿಸಿದರೂ ದಂಡ. ಒಮ್ಮೆ ಗರಡಿಯಲ್ಲಿ ಪಳಗಿದ ಹುಡುಗನೊಬ್ಬ ಬಂದ. ಅವನ ಸೊಂಟ ಆಗಲೇ ಕೆಳಗಿತ್ತು, ಪಾದ ನೆಲಕ್ಕೆ ಕಚ್ಚಿತ್ತು. ನಾಲ್ಕೈದು ತಿಂಗಳಲ್ಲಿ ನನ್ನ ಹಳೇ ಶಿಷ್ಯರನ್ನೆಲ್ಲ ಎತ್ತಿ ಕೂರಿಸಿದ. ಅವರಿಗೆ ಬೇಜಾರಾಯಿತು, ನನಗೆ ಖುಷಿ. ಅವನಿಂದ ಎಲ್ಲರೂ ಕಲಿತರು.

ನನ್ನ ಕ್ರಮ ಹೀಗಿದೆ. ಒಂದು ಪಟ್ಟು ಹೇಳಿಕೊಡುವಾಗ ಮೊದಲ ದಿನ ಜೋಡಿ ಬಿಟ್ಟುಕೊಡುತ್ತಾನೆ. ಆಮೇಲೆ ಅದೇ ಪಟ್ಟು ಬರುತ್ತದೆ ಅಂತ ಗೊತ್ತಿದ್ದು ತಡೆಯುತ್ತಾನೆ. ಆಮೇಲೆ ಯಾವುದು ಬರುತ್ತದೆ ಅಂತ ಇಬ್ಬರಿಗೂ ಗೊತ್ತಿರಲ್ಲ. ವಾರಕ್ಕೊಮ್ಮೆ ಗ್ಲೌಸ್ ಹಾಕಿ, ಹಲ್ಲಿಗೆ ಗಾರ್ಡ್ ಇಟ್ಟು, ಹಗುರವಾದ ಗುದ್ದುಗಳನ್ನೂ ಸೇರಿಸುತ್ತೇವೆ. ತುಯ್ ಶೌ ಶುರುವಾಗುವುದೇ ಕೈ ತಾಗಿದ ಮೇಲೆ. ಆದರೆ ಬೀದಿಯಲ್ಲಿ ಯಾರೂ ಮಣಿಕಟ್ಟು ಚಾಚಿಕೊಂಡು ಬರಲ್ಲ. ಗುದ್ದಿನ ನಡುವೆ ಹತ್ತಿರ ಹೋಗಿ ಕೈ ತಾಗಿಸುವುದೇ ದೊಡ್ಡ ಕೆಲಸ, 2017ರ ವಿಡಿಯೊದಲ್ಲಿ ಸೋತದ್ದೂ ಅಲ್ಲೇ. ಇದು ಸಂಪ್ರದಾಯಕ್ಕೆ ವಿರುದ್ಧ ಅಂತ ಕೆಲವರು ಮೂಗು ಮುರಿಯುತ್ತಾರೆ. ಯಾಂಗ್ ಲೂಚಾನ್ ಹತ್ತಿರ ಕಲಿತ ಕಾವಲುಗಾರರು ಗುದ್ದು ತಿನ್ನದೆ ಕಲಿತಿದ್ದರು ಅಂತ ನಂಬೋಕೆ ನನಗೆ ಕಷ್ಟ.

ಎಷ್ಟು ಸಮಯ ಬೇಕು? ತಾಯ್ ಚಿ ಕಲಿಯುವವನು ಹತ್ತು ವರ್ಷ ಬಾಗಿಲು ದಾಟಬಾರದು ಅಂತ ಗಾದೆ ಇದೆ. ಏನೂ ಹೇಳಿಕೊಡದ ಮೇಷ್ಟ್ರುಗಳಿಗೆ ಇದು ಬಹಳ ಅನುಕೂಲದ ಗಾದೆ. ಕಾವಲು ಪಡೆಯವರು ಹತ್ತು ವರ್ಷ ಕಾದಿರೋಕೆ ಆಗುತ್ತಿತ್ತಾ? ವಾರಕ್ಕೆ ಮೂರ್ನಾಲ್ಕು ದಿನ ಮನಸ್ಸಿಟ್ಟು ಮಾಡಿದರೆ ಒಂದು ವರ್ಷದಲ್ಲಿ ಮೈ ಬದಲಾಗುತ್ತದೆ. ಎರಡು ಮೂರು ವರ್ಷದಲ್ಲಿ ಗುರುತಿಲ್ಲದವರ ಜೊತೆ ತುಯ್ ಶೌ ಆಡಿ ಗಟ್ಟಿಯಾಗಿ ನಿಲ್ಲಬಹುದು. ಆರು ತಿಂಗಳಲ್ಲಿ ನಿಮ್ಮನ್ನು ನೀವು ಕಾಪಾಡಿಕೊಳ್ಳುವುದಷ್ಟೇ ಬೇಕಿದ್ದರೆ ಬಾಕ್ಸಿಂಗ್‌ಗೋ ಜೂಡೋಗೋ ಹೋಗಿ. ಮುಚ್ಚುಮರೆ ಯಾಕೆ?

ಮೇಷ್ಟ್ರನ್ನು ಆರಿಸುವಾಗ ವಂಶಾವಳಿ, ಗೋಡೆಯ ಮೇಲಿನ ಫೋಟೊ ನೋಡಬೇಡಿ. ತರಗತಿಗೆ ಹೋಗಿ ಒಂದು ಗಂಟೆ ಕೂತು ನೋಡಿ. ಜೋಡಿ ಅಭ್ಯಾಸ ಇದೆಯಾ? ಹಳೇ ಶಿಷ್ಯರು ಮೇಷ್ಟ್ರಿಗೆ ನಿಜವಾಗಿ ಎದುರು ಒತ್ತುತ್ತಾರಾ, ಇಲ್ಲ ಬೆರಳು ತಾಗಿದ ಕೂಡಲೇ ಕಪ್ಪೆ ಥರ ಹಾರಿ ಬೀಳುತ್ತಾರಾ? ಎರಡನೆಯದು ಕಂಡರೆ ಚಪ್ಪಲಿ ಹಾಕಿಕೊಂಡು ಎದ್ದು ಬನ್ನಿ. ಮುಟ್ಟದೆ ದೂರದಿಂದಲೇ ಚೀ ಎಂಬ ಒಳಗಿನ ಶಕ್ತಿಯಿಂದ ಕೆಡವುತ್ತೇನೆ ಅನ್ನುವವರಾದರೆ ಚಪ್ಪಲಿಗೂ ಕಾಯಬೇಡಿ. ನಾನೂ ಒಂದು ಸಲ ಕೈ ಕೊಡಬಹುದಾ ಅಂತ ಮರ್ಯಾದೆಯಿಂದ ಕೇಳಿ. ವಿದ್ಯೆ ಇದ್ದವರು ಖುಷಿಯಿಂದ ಕೈ ಕೊಡುತ್ತಾರೆ, ಯಾಕೆ ಬಿದ್ದಿರಿ ಅಂತಲೂ ಹೇಳುತ್ತಾರೆ. ಬೆಂಗಳೂರಿನಲ್ಲಿ ಕಲಿಸುವವರಿದ್ದಾರೆ. ಆರೋಗ್ಯಕ್ಕಷ್ಟೇ ಕಲಿಸುವವರು ಅದನ್ನು ನೇರವಾಗಿ ಹೇಳಿದರೆ ಅವರ ಮೇಲೆ ನನಗೆ ಗೌರವ ಇದೆ.

ಕೊನೆಗೆ ನಿಮ್ಮ ಮಂಡಿ. ತಾಯ್ ಚಿ ಮಂಡಿಗೆ ಒಳ್ಳೆಯದು ಅಂತಲೂ ಹೇಳುತ್ತಾರೆ, ಮಂಡಿ ಹಾಳಾಗುತ್ತದೆ ಅಂತಲೂ ಹೇಳುತ್ತಾರೆ. ಎರಡೂ ನಿಜ, ಹೇಗೆ ಮಾಡುತ್ತೀರಿ ಅನ್ನುವುದರ ಮೇಲಿದೆ. ಮಂಡಿ ಯಾವಾಗಲೂ ಪಾದದ ಬೆರಳಿನ ದಿಕ್ಕಿಗೇ ಇರಲಿ, ಒಳಕ್ಕೆ ವಾಲಬಾರದು. ತಿರುಗುವುದೆಲ್ಲ ತೊಡೆಸಂದಿನಿಂದ, ಮಂಡಿಯಿಂದ ಅಲ್ಲ. ಭಾರ ಇರುವ ಕಾಲನ್ನು ತಿರುಚಬೇಡಿ. ಮೊದಲ ವರ್ಷ ಎತ್ತರದ ನಿಲುವಿನಲ್ಲೇ ಮಾಡಿ, ಯೂಟ್ಯೂಬ್ ನೋಡಿ ಕೆಳಕ್ಕೆ ಕೂರೋಕೆ ಹೋಗಬೇಡಿ. ತೊಡೆ ಉರಿದರೆ ಪರವಾಗಿಲ್ಲ. ಕೀಲಿನ ಒಳಗೆ ಚುಚ್ಚಿದರೆ ಅವತ್ತಿಗೆ ನಿಲ್ಲಿಸಿ. ಈಗಲೇ ಊತ ಇದ್ದರೆ, ಮೆಟ್ಟಿಲು ಇಳಿಯುವಾಗ ಮಂಡಿ ಕೈಕೊಡುತ್ತಿದ್ದರೆ, ಮೊದಲು ಮೂಳೆ ಡಾಕ್ಟರಿಗೆ ತೋರಿಸಿ. ಮೇಷ್ಟ್ರನ್ನು ಆಮೇಲೆ ಹುಡುಕಬಹುದು.